ಅವರವರ ಹೆಸರಿನ ತುತ್ತು

"ಇದು ಅತ್ತೆದು," ಎಂದು ಪಿಟ್ಟೆ ಇನ್ನೊಂದು ಬೀನ್ಸ್ ತುಂಡನ್ನು ಬಾಯಿಗಿಟ್ಟುಕೊಂಡಳು. ಅಗಿಯುವಾಗ ಕಣ್ಣು ಮುಚ್ಚಿಕೊಂಡವು, ಭುಜಗಳು ಕಿವಿಯ ತನಕ ಏರಿದವು, ಗಂಟಲು ಒಮ್ಮೆ ಮೇಲೆ ಹೋಗಿ ಕೆಳಗಿಳಿಯಿತು. ಮೇಲೊಂದು ಗುಟುಕು ನೀರು ಕುಡಿದು, ಬಾಯಿ ತೆರೆದು, ನಾಲಿಗೆ ಎತ್ತಿ ಎಲ್ಲರಿಗೂ ತೋರಿಸಿದಳು. ಏನೂ ಉಳಿದಿರಲಿಲ್ಲ. ಆಮೇಲೆ ಮುಂದಿನ ತುಂಡಿಗೆ ಕೈ ಹಾಕಿದಳು. ಅದು ಕಟ್ಟಡದ ಕಾವಲುಗಾರನದು.

ಎದುರಿಗೆ ಕೂತಿದ್ದ ಅತ್ತೆ ಅವಳ ಅಪ್ಪನ ಅಕ್ಕ. ಭಾನುವಾರಗಳಂದು ಬಂದು ತಮ್ಮನ ಮನೆಯನ್ನು ಗುಡಿಸಿ ಒರೆಸಿ ಹೋಗುವವಳು. ಆ ಹೊತ್ತು ಅವಳಿಗೆ ಹೊಟ್ಟೆಕಿಚ್ಚು ತಡೆಯಲಾಗಲಿಲ್ಲ. ಅವಳಿಗೂ ಎರಡು ಮಕ್ಕಳಿದ್ದವು. ಒಂದು ತಟ್ಟೆಯಲ್ಲಿ ಹಸಿರು ಕಂಡರೆ ಮೇಜಿನಡಿ ಸೇರುತ್ತಿತ್ತು, ಇನ್ನೊಂದು ಬಟಾಣಿಯನ್ನು ಮೂಗಿಗೆ ತುರುಕಿಕೊಂಡು ಡಾಕ್ಟರ ತನಕ ಹೋಗಿಬಂದಿತ್ತು. ಇಲ್ಲಿ ನೋಡಿದರೆ ತಾಯಿಯಿಲ್ಲದ ಐದು ವರ್ಷದ ಹುಡುಗಿ, ಯಾರೂ ಗದರಿಸದೆ, ಯಾರೂ ಓಲೈಸದೆ, ತರಕಾರಿಯನ್ನೆಲ್ಲ ಖಾಲಿ ಮಾಡುತ್ತಿದ್ದಾಳೆ. ಅದೇನು ಮಂತ್ರ ಹಾಕಿದೆ ಹೇಳೋ, ನನಗೂ ಸ್ವಲ್ಪ ಕಲಿಸು ಎಂದು ತಮ್ಮನನ್ನು ಕೇಳಿದಳು.

ತಮ್ಮ ನಕ್ಕ. ಅವನು ಲಿಫ್ಟ್ ರಿಪೇರಿ ಮಾಡುವವನು. ಸುತ್ತಲಿನ ಮೂವತ್ತು ಕಟ್ಟಡಗಳ ಜನ ಅವನನ್ನು ಲಿಫ್ಟಣ್ಣ ಎಂದೇ ಕರೆಯುತ್ತಿದ್ದರು. ಹೆಂಡತಿಯೂ ಮುನಿಸು ಬಂದಾಗ ಹಾಗೆಯೇ ಕರೆಯುತ್ತಿದ್ದಳು. ಅವಳು ತೀರಿಕೊಂಡು ಮೂರು ತಿಂಗಳಾಗಿತ್ತು. ಈ ಮೂರು ತಿಂಗಳಲ್ಲಿ ಅವನು ಸಾರು ಸೀಯಿಸಿದ್ದ, ಬಿಳಿ ಬಟ್ಟೆಗಳನ್ನೆಲ್ಲ ಒಗೆದು ನೀಲಿ ಮಾಡಿದ್ದ, ಮಗಳ ಜಡೆಯನ್ನು ಒಂದು ದಿನವೂ ನೆಟ್ಟಗೆ ಹಾಕಿರಲಿಲ್ಲ. ಜನ ಮೆಚ್ಚಿಕೊಂಡದ್ದು ಮಗಳು ತರಕಾರಿ ತಿನ್ನುವ ಇದೊಂದನ್ನೇ. ಶಾಲೆಯ ಟೀಚರ್ ಮೆಚ್ಚಿದ್ದರು, ಪಕ್ಕದ ಮನೆಯಾಕೆ ಮೆಚ್ಚಿದ್ದಳು. ಹೊಗಳಿಸಿಕೊಳ್ಳಲು ಬೇರೇನೂ ಇಲ್ಲದ ಮನುಷ್ಯ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದ.

ತುತ್ತಿಗೆ ಹೆಸರಿಡುವುದು ಹೊಸ ವಿದ್ಯೆಯೇನಲ್ಲ. ಇದು ಅಪ್ಪನ ತುತ್ತು, ಇದು ಅಜ್ಜಿಯ ತುತ್ತು, ಇದು ನಿನ್ನ ಬೊಂಬೆಯದು ಎಂದು ಪುಸಲಾಯಿಸಿ ಉಣ್ಣಿಸದವರು ಯಾರು? ಆದರೆ ಆ ಮನೆಯಲ್ಲಿ ತರಕಾರಿ ತಿನ್ನಿಸುವ ಇಲಾಖೆ ಮೊದಲಿನಿಂದ ಹೆಂಡತಿಯದಾಗಿತ್ತು. ಅವಳು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ದಿನವಿಡೀ ನಿಂತು ಜನರಿಗೆ ಶಕ್ತಿಯ ಮಾತ್ರೆಗಳನ್ನು ಕೊಟ್ಟೂ ಕೊಟ್ಟೂ, ನನ್ನ ಮಗಳಿಗೆ ಶಕ್ತಿ ತಟ್ಟೆಯಿಂದ ಬರಬೇಕೇ ಹೊರತು ಡಬ್ಬಿಯಿಂದಲ್ಲ ಎಂದು ಹಟ ತೊಟ್ಟಿದ್ದಳು. ಕ್ಯಾರೆಟ್ಟನ್ನು ನಕ್ಷತ್ರದ ಹಾಗೆ ಕತ್ತರಿಸಿದಳು, ಸೊಪ್ಪನ್ನು ರುಬ್ಬಿ ಹಿಟ್ಟಿನಲ್ಲಿ ಕಲಸಿದಳು, ಬೀಟ್ರೂಟನ್ನು ತುರಿದು ಬಚ್ಚಿಟ್ಟಳು. ಪಿಟ್ಟೆಯ ನಾಲಿಗೆ ಪೊಲೀಸರನ್ನು ಮೀರಿಸುವಂಥದು, ಎಲ್ಲಿದ್ದರೂ ಹುಡುಕಿ ಹೊರಗೆ ಹಾಕುತ್ತಿತ್ತು. ಬೀನ್ಸ್ ಎಂದರಂತೂ ಬಾಯಿಗೆ ಬೀಗ. ಒಂದೊಂದನ್ನೇ ಆರಿಸಿ ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸಿಟ್ಟು ತಾಯಿಯ ಮುಖ ನೋಡುತ್ತಿದ್ದಳು. ತಾಯಿ ಬೈಯುವುದಕ್ಕೆ ಶುರುಮಾಡಿ ನಗುವುದರಲ್ಲಿ ಮುಗಿಸುತ್ತಿದ್ದಳು.

ಆಮೇಲೆ ಅವಳ ರಕ್ತದಲ್ಲಿ ಏನೋ ಕೆಟ್ಟಿತು. ಮೂರು ವಾರ ಆಸ್ಪತ್ರೆ. ಅವಳಿದ್ದ ವಾರ್ಡಿಗೆ ಚಿಕ್ಕ ಮಕ್ಕಳನ್ನು ಬಿಡುತ್ತಿರಲಿಲ್ಲ. ಸಂಜೆ ಆರಕ್ಕೆ ಫೋನ್ ಬರುತ್ತಿತ್ತು, ಮೊದಲ ಪ್ರಶ್ನೆ ಯಾವಾಗಲೂ ಒಂದೇ: ತರಕಾರಿ ತಿಂದಳಾ? ಇಲ್ಲ ಎಂದು ಎರಡು ದಿನ ಹೇಳಿದ. ಮೂರನೆಯ ದಿನ ಆ ಕಡೆಯ ಮೌನ ಕೇಳಲಾರದೆ ಅವನಿಗೊಂದು ಉಪಾಯ ಹೊಳೆಯಿತು. ಎಲ್ಲಕ್ಕಿಂತ ಬೇಡವಾದ ತರಕಾರಿಯನ್ನು ಎಲ್ಲರಿಗಿಂತ ಬೇಕಾದವಳ ಹೆಸರಿಗೆ ಬರೆದುಬಿಟ್ಟ. ಕ್ಯಾರೆಟ್ ಅಪ್ಪನದು, ಆಲೂಗಡ್ಡೆ ಅತ್ತೆಯದು, ಬೀನ್ಸ್ ಅಮ್ಮನದು. "ಇದನ್ನ ನೀನು ತಿಂದ್ರೆ ಅಮ್ಮಂಗೆ ಶಕ್ತಿ ಬರತ್ತೆ," ಎಂದ. "ಬೇಗ ಮನೆಗೆ ಬರ್ತಾಳೆ."

ಮಗು ಅವನ ಮುಖವನ್ನೇ ನೋಡಿತ್ತು. ಅವನು ಅಡಿಗೆಮನೆಗೆ ಹೋಗಿ ನೀರು ತರುವಷ್ಟರಲ್ಲಿ ತಟ್ಟೆಯಲ್ಲಿದ್ದ ಬೀನ್ಸ್ ಮಾಯವಾಗಿತ್ತು. ತಿಂದೆಯಾ ಎಂದರೆ ತಲೆಯಾಡಿಸಿತು. ಮರುದಿನವೂ ಹಾಗೆಯೇ, ಅದರ ಮರುದಿನವೂ. ಹೆಂಡತಿ ಆ ಸುದ್ದಿಯನ್ನು ನರ್ಸಿಗೆ ಹೇಳಿದಳು, ಪಕ್ಕದ ಹಾಸಿಗೆಯವಳಿಗೆ ಹೇಳಿದಳು. ಮಾತಾಡುವ ಶಕ್ತಿ ಉಳಿದಿದ್ದ ಕೊನೆಯ ಸಂಜೆ ಅವನು ಹಾಸಿಗೆಯ ಪಕ್ಕದಲ್ಲೇ ಕೂತಿದ್ದ. "ಬೀನ್ಸೂ?" ಎಂದು ಕೇಳಿದಳು. "ಬೀನ್ಸೂ," ಎಂದ. ಅವಳು ಕಣ್ಣು ಮುಚ್ಚಿ, ಗೆದ್ದವಳ ಹಾಗೆ ನಕ್ಕಳು. ಆ ನಗು ಒಂದನ್ನು ಇಟ್ಟುಕೊಂಡು ಅವನು ಈ ಮೂರು ತಿಂಗಳು ದೂಡಿದ್ದ.

ಅಂದು ಊಟ ಮುಗಿದ ಮೇಲೆ ಅತ್ತೆ ಮನೆಯ ಧೂಳು ಕೊಡವಲು ನಿಂತಳು. ನಡುಮನೆಯ ಬಾಗಿಲ ಹಿಂದೆ ಮೊಳೆಗೆ ಹೆಂಡತಿಯ ಬಿಳಿ ಕೋಟು ನೇತಾಡುತ್ತಿತ್ತು. ಔಷಧಿ ಅಂಗಡಿಯ ಕೋಟು, ಎರಡು ಕಡೆ ಆಳವಾದ ಜೇಬು. ಅವಳು ದಿನವೂ ಖಾಲಿ ಮಾತ್ರೆಡಬ್ಬಿಯನ್ನೋ ಬಣ್ಣದ ಮುಚ್ಚಳವನ್ನೋ ಅದರಲ್ಲಿ ಇಟ್ಟುಕೊಂಡು ಬರುತ್ತಿದ್ದಳು. ಚಪ್ಪಲಿ ಬಿಡುವ ಮೊದಲೇ ಪಿಟ್ಟೆಯ ಕೈ ಮೊಣಕೈ ತನಕ ಆ ಜೇಬಿನೊಳಗೆ ಇರುತ್ತಿತ್ತು. ಕೋಟನ್ನು ಯಾರೂ ಮುಟ್ಟಿರಲಿಲ್ಲ. ಒಗೆದಾದರೂ ಇಡೋಣ ಕಣೋ, ಎಷ್ಟು ದಿನ ಹೀಗೇ ಬಿಡುತ್ತೀಯ ಎನ್ನುತ್ತ ಅತ್ತೆ ಅದನ್ನು ಇಳಿಸಿ ಜೇಬಿಗೆ ಕೈ ಹಾಕಿ, ಥಟ್ಟನೆ ಹೊರಗೆಳೆದಳು.

"ಇಲಿ ಸೇರ್ಕೊಂಡಿದೆ ಕಣೋ ನಿಮ್ಮನೇಲಿ," ಎಂದಳು. "ನೋಡಿಲ್ಲಿ, ಏನೇನೋ ತಂದು ಕೂಡಿಟ್ಟಿದೆ."

ಕಾಗದ ಹಾಸಿ ಜೇಬನ್ನು ಕೊಡವಿದಳು. ಕಡ್ಡಿಯ ಹಾಗೆ ಒಣಗಿದ, ಕಪ್ಪಗೆ ಸುಕ್ಕುಗಟ್ಟಿದ ತುಂಡುಗಳು ಬಿದ್ದವು. ಬಿದ್ದವು, ಇನ್ನೂ ಬಿದ್ದವು. ಎಲ್ಲವೂ ಒಂದೇ ಅಳತೆಯವು. ಲಿಫ್ಟಣ್ಣ ತರಕಾರಿಯನ್ನೂ ಅಳತೆ ಹಿಡಿದು ಕತ್ತರಿಸುವ ಮನುಷ್ಯ, ಹೆಂಡತಿ ಅದಕ್ಕೆ ಅವನನ್ನು ಗೇಲಿ ಮಾಡುತ್ತಿದ್ದಳು. ನೋಡಿದ ಕೂಡಲೇ ಅವನಿಗೆ ಅದು ತನ್ನ ಕೈಯ ಕೆಲಸ ಎಂದು ಗೊತ್ತಾಯಿತು. ಕಾಗದದ ಮುಂದೆ ಕೂತು ಒಂದು ತುಂಡನ್ನು ಬೆರಳಲ್ಲಿ ಎತ್ತಿಕೊಂಡ.

ಪಿಟ್ಟೆ ಬಾಗಿಲಲ್ಲಿ ನಿಂತಿದ್ದಳು. ಅಳಲಿಲ್ಲ, ಓಡಿಹೋಗಲಿಲ್ಲ.

"ಅದು ಅಮ್ಮಂದು," ಎಂದಳು. "ಅಮ್ಮ ಬಂದ್ಮೇಲೆ ತಿನ್ಲಿ ಅಂತ ನಾನೇ ಇಟ್ಟಿದ್ದೆ. ನಂಗೆ ನುಂಗಕ್ಕೆ ಆಗ್ತಿರ್ಲಿಲ್ಲ."

ಅತ್ತೆ ಕಾಗದದ ಮೇಲಿದ್ದದ್ದನ್ನೂ ತಮ್ಮನ ಮುಖವನ್ನೂ ನೋಡಿದಳು. ಪಿಟ್ಟೆ ಇನ್ನಷ್ಟು ಹತ್ತಿರ ಬಂದು, ದೊಡ್ಡವರಿಗೆ ಧೈರ್ಯ ಹೇಳುವವಳ ಹಾಗೆ ಅಪ್ಪನ ಮೊಣಕಾಲ ಮೇಲೆ ಕೈಯಿಟ್ಟಳು.

"ಅದಕ್ಕೇ ಅಮ್ಮ ಸತ್ತೋದ್ಲು. ಆದ್ರೆ ಈಗ ನಾನು ಯಾರ್ದೂ ಬಿಡಲ್ಲ ಅಪ್ಪ. ನಿಂದು ದಿನಾ ಎರಡು ತಿಂತೀನಿ."

ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಅವನು ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು ತನಗೆ ತಿಳಿದಂತೆಲ್ಲ ಹೇಳಿದ. ಅಮ್ಮನಿಗೆ ಬಂದದ್ದು ಕಾಯಿಲೆ. ಬೀನ್ಸಿಗೂ ಅದಕ್ಕೂ ಸಂಬಂಧವಿಲ್ಲ. ಅಪ್ಪ ಸುಳ್ಳು ಹೇಳಿದ್ದು, ನೀನು ತಿನ್ನಲಿ ಎಂದು ಹೇಳಿದ ಸುಳ್ಳು. ಪಿಟ್ಟೆ ಎಲ್ಲದಕ್ಕೂ ಹೂಂ ಎಂದಳು. ಸಂಜೆ ಊಟಕ್ಕೆ ಕೂತಾಗ ಮೊದಲು ಅಪ್ಪನದು ಎರಡು ತಿಂದಳು, ಆಮೇಲೆ ಅತ್ತೆಯದು, ಟೀಚರದು, ಕಾವಲುಗಾರನದು, ಪಕ್ಕದ ಮನೆಯಾಕೆಯದು, ಶಾಲೆಯ ಮೊಲದ್ದು. ಮೂರು ತಿಂಗಳಲ್ಲಿ ಪಟ್ಟಿ ಎಷ್ಟು ಬೆಳೆದಿದೆ ಎಂದು ಅವನು ಅಂದೇ ಮೊದಲ ಸಲ ಗಮನಿಸಿದ. ಅಷ್ಟು ಜನರ ಜೀವ ಐದು ವರ್ಷದ ಒಂದು ಹೊಟ್ಟೆಯ ಮೇಲೆ ನಿಂತಿತ್ತು.

ಮಂಗಳವಾರ ಅವಳಿಗೆ ಜ್ವರ ಬಂತು. ಬೇಡವೆಂದರೂ ಕೇಳದೆ ಎಲ್ಲರ ತುತ್ತನ್ನೂ ತಿಂದು, ಎದ್ದು ಬಚ್ಚಲ ತನಕ ಹೋಗುವಷ್ಟರಲ್ಲಿ ವಾಂತಿ ಮಾಡಿಕೊಂಡಳು. ಅವನು ನೆಲ ಒರೆಸುತ್ತಿದ್ದರೆ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಇಣುಕಿ ಇಣುಕಿ ನೋಡಿದಳು.

"ಯಾರ್ದು ಹೊರಗೆ ಬಂತು ಅಪ್ಪ?"

ಅವನು ಬಟ್ಟೆಯನ್ನು ಅಲ್ಲೇ ಬಿಟ್ಟು ಗೋಡೆಗೆ ಒರಗಿ ಕೂತ. ಹೆಂಡತಿ ಸತ್ತ ದಿನ ಅತ್ತಿರಲಿಲ್ಲ, ಮಾಡಬೇಕಾದ ಕೆಲಸ ಬಹಳ ಇತ್ತು. ಈಗ ಅತ್ತ. ಯಾರದೂ ಅಲ್ಲ ಕಂದ, ಯಾರದೂ ಅಲ್ಲ ಎಂದು ಅಷ್ಟನ್ನೇ ಹೇಳಿದ. ಅವಳು ನಂಬಲಿಲ್ಲ.

ಮರುದಿನದಿಂದ ಅವನು ತರಕಾರಿ ತರುವುದನ್ನೇ ನಿಲ್ಲಿಸಿದ. ಎರಡು ದಿನ ಬ್ರೆಡ್ಡು, ಹಾಲು, ಮೊಟ್ಟೆ. ಶುಕ್ರವಾರ ಪಕ್ಕದ ಮನೆಯಾಕೆ ಮೆಟ್ಟಿಲಲ್ಲಿ ಸಿಕ್ಕಿ, ನಿಮ್ಮ ಮಗಳಂಥ ಮಗಳು ಪುಣ್ಯವಂತರಿಗೇ ಸಿಗೋದು, ಮಕ್ಕಳು ಚಾಕಲೇಟ್ ಕೇಳಿಕೊಂಡು ಬರ್ತಾರೆ, ಇವಳು ಬೀನ್ಸ್ ಇದೆಯಾ ಆಂಟಿ ಅಂತ ಕೇಳಿಕೊಂಡು ಬಂದಿದ್ದಳು ಎಂದು ನಕ್ಕಳು. ಹಸಿಯದನ್ನೇ ಕಚ್ಚಿ ತಿಂದಳಂತೆ.

ಆ ದಿನ ಅವನು ಕೆಲಸ ಮಾಡುತ್ತ ಇದನ್ನೇ ಯೋಚಿಸಿದ. ಅವನ ಕಸುಬಿನಲ್ಲಿ ಒಂದು ಪಾಠವಿತ್ತು. ಯಾವುದಾದರೂ ಲಿಫ್ಟ್ ಒಮ್ಮೆ ಜನರ ಸಮೇತ ನಡುವೆ ನಿಂತಿತೆಂದರೆ, ಆಮೇಲೆ ನೀವೆಷ್ಟೇ ರಿಪೇರಿ ಮಾಡಿ, ಕಾಗದದಲ್ಲಿ ಬರೆದು ಅಂಟಿಸಿ, ಆಣೆ ಮಾಡಿ ಹೇಳಿ, ಆ ಕಟ್ಟಡದವರು ಮೆಟ್ಟಿಲನ್ನೇ ಹತ್ತುತ್ತಾರೆ. ಅವರೆದುರಿಗೆ ಮೆಕ್ಯಾನಿಕ್ಕೇ ಒಳಗೆ ನಿಂತು, ಬಾಗಿಲು ಹಾಕಿಕೊಂಡು, ಕೊನೆಯ ಮಹಡಿಗೆ ಹೋಗಿ ಇಳಿದು ಬರಬೇಕು. ಬಾಗಿಲು ತೆರೆದಾಗ ಅವನು ಹೋದ ಹಾಗೆಯೇ ನಿಂತಿರಬೇಕು. ಆಮೇಲೆ ಒಬ್ಬೊಬ್ಬರೇ ಒಳಗೆ ಕಾಲಿಡುತ್ತಾರೆ. ಅವನು ಆ ಕೆಲಸವನ್ನು ನೂರು ಸಲ ಮಾಡಿದ್ದ.

ಶನಿವಾರ ಶಾಲೆಯಿರಲಿಲ್ಲ. ಅವನು ರಜೆ ಹಾಕಿದ, ಅಕ್ಕನನ್ನೂ ಕರೆಸಿಕೊಂಡ. ಬೆಳಗಿನ ತಿಂಡಿಗೆ ಬೀನ್ಸ್ ಬೇಯಿಸಿ ಆರು ತುಂಡು ಬಡಿಸಿದ. ಉಳಿದವರ ಐದನ್ನು ತಿನ್ನಲು ಬಿಟ್ಟು, ಆರನೆಯದರ ಮೇಲೆ ಬೆರಳಿಟ್ಟ.

"ಇದು ನಂದು. ಇದನ್ನ ಇವತ್ತು ತಿನ್ನಬಾರದು. ತಟ್ಟೆಯಲ್ಲೇ ಇರ್ಲಿ. ನಂಗೇನಾಗತ್ತೆ ನೋಡೋಣ."

ಪಿಟ್ಟೆಯ ಮುಖ ಬಿಳಿಚಿಕೊಂಡಿತು. ಬೇಡ ಎಂದಳು. ಅವನ ಬೆರಳನ್ನು ಎತ್ತಲು ನೋಡಿದಳು, ಆಗದಿದ್ದಾಗ ಬಗ್ಗಿ ಬಾಯಿಂದಲೇ ಕಚ್ಚಿಕೊಳ್ಳಲು ಹೋದಳು. ಅವನು ಎರಡೂ ಕೈಗಳನ್ನು ಹಿಡಿದುಕೊಂಡ. ಮಗುವಿಗೆ ಇಷ್ಟು ಹಿಂಸೆ ಕೊಡುವುದು ಸರಿಯೇ ಎಂದು ಅಕ್ಕ ಕಣ್ಣಲ್ಲೇ ಕೇಳಿದಳು. ಅವನಿಗೂ ಗೊತ್ತಿರಲಿಲ್ಲ. ಆದರೆ ಇಷ್ಟು ಬಂದ ಮೇಲೆ ಹಿಂದೆ ಹೋಗುವಂತಿರಲಿಲ್ಲ. ತಟ್ಟೆಯನ್ನು ಮೇಜಿನ ನಡುವೆ ಇಟ್ಟು, ಎದುರಿನ ಕುರ್ಚಿಯಲ್ಲಿ ಮಗಳಿಗೆ ಕಾಣುವ ಹಾಗೆ ಕೂತ. ಅವಳು ಅವನ ಮೇಲಿಟ್ಟ ಕಣ್ಣನ್ನು ತೆಗೆಯಲಿಲ್ಲ. ಅವನೊಮ್ಮೆ ಸೀನಿದ್ದಕ್ಕೆ ಕುರ್ಚಿಯಿಂದ ಜಿಗಿದು ಬಂದು ಎದೆಗೆ ಕಿವಿಯಿಟ್ಟು ಕೇಳಿದಳು. ಸಂಜೆಯ ತನಕ ಹೀಗೇ ಕೂತುಬಿಟ್ಟರೆ ಆಯಿತು ಎಂದುಕೊಂಡ.

ಹನ್ನೊಂದೂವರೆಗೆ ಫೋನ್ ಬಂತು. ಎರಡು ಬೀದಿಯಾಚೆಯ ಕಟ್ಟಡದಲ್ಲಿ ಲಿಫ್ಟ್ ಮೂರನೆಯ ಮತ್ತು ನಾಲ್ಕನೆಯ ಮಹಡಿಯ ನಡುವೆ ನಿಂತಿದೆ, ಒಳಗೆ ಒಬ್ಬ ಮುದುಕಿ ಇದ್ದಾಳೆ, ಉಸಿರು ಕಟ್ಟುತ್ತಿದೆ ಎಂದು ಕೂಗುತ್ತಿದ್ದಾಳೆ. ಬೇರೆಯವರನ್ನು ಕರೆಯಿರಿ ಎಂದ. ಬೇರೆಯವನು ಬರಲು ಒಂದು ಗಂಟೆಯಾಗುತ್ತದಂತೆ.

ಅವನು ಸಲಕರಣೆಯ ಚೀಲ ಎತ್ತಿಕೊಂಡದ್ದೇ ಪಿಟ್ಟೆ ಬಾಗಿಲಿಗೆ ಅಡ್ಡ ನಿಂತಳು.

"ತಿಂದ್ಬಿಡ್ತೀನಿ ಅಪ್ಪ. ಬೇಗ ತಿಂದ್ಬಿಡ್ತೀನಿ, ಆಮೇಲೆ ಹೋಗು. ನಿಂಗೆ ಕೈ ಮುಗೀತೀನಿ."

ಒಂದೇ ಒಂದು ತುಂಡು. ತಿನ್ನು ಎಂದರೆ ಮುಗಿಯುತ್ತಿತ್ತು, ಅವಳ ಮುಖಕ್ಕೆ ಬಣ್ಣ ಬರುತ್ತಿತ್ತು, ಅವನೂ ನಿರಾಳವಾಗಿ ಹೋಗಬಹುದಿತ್ತು. ಆದರೆ ಇಂದು ತಿಂದರೆ ನಾಳೆಯೂ ತಿನ್ನಬೇಕು, ಬೆಳೆದು ದೊಡ್ಡವಳಾಗಿ ಅವನ ತಲೆ ನೆರೆಯುವ ತನಕವೂ ತಿನ್ನಬೇಕು. ಕೊನೆಗೊಂದು ದಿನ ಅವನು ಸತ್ತೇ ಸಾಯುತ್ತಾನೆ, ಆಗ ಅವಳು ಯಾವ ತುತ್ತು ತಪ್ಪಿತು ಎಂದು ಹುಡುಕಬೇಕು. ಅವನು ಬೇಡ ಎಂದ. ಅವಳನ್ನೆತ್ತಿ ಅಕ್ಕನ ಕೈಗೆ ಕೊಟ್ಟು ಮೆಟ್ಟಿಲಿಳಿದ. ಮಗಳ ಕೂಗು ಕೆಳಗಿನ ಬಾಗಿಲ ತನಕ ಕೇಳಿಸಿತು.

ರಸ್ತೆ ದಾಟುವಾಗ ಎರಡೂ ಕಡೆ ನೋಡಿದ, ಮತ್ತೊಮ್ಮೆ ನೋಡಿದ. ಹದಿನಾರು ವರ್ಷ ಈ ಕೆಲಸ ಮಾಡಿದವನಿಗೆ ಇಂಥ ಹೆದರಿಕೆ ಹೊಸದು. ಮೇಲಿನ ಮೋಟಾರು ಕೋಣೆಯಲ್ಲಿ ಕರೆಂಟು ತೆಗೆದು, ಸ್ವಿಚ್ಚಿಗೆ ಬೀಗ ಹಾಕಿ ಕೀಲಿಯನ್ನು ಜೇಬಿಗೆ ಹಾಕಿಕೊಳ್ಳುವುದು ಅವನ ದಿನದ ಪದ್ಧತಿ. ಅಂದು ಬೀಗವನ್ನು ಮೂರು ಸಲ ಎಳೆದು ನೋಡಿದ. ಕೈಯಿಂದ ಮೋಟಾರಿನ ಚಕ್ರ ತಿರುಗಿಸಿ ಲಿಫ್ಟಿನ ಪೆಟ್ಟಿಗೆಯನ್ನು ಮಹಡಿಯ ಮಟ್ಟಕ್ಕೆ ತಂದು, ಕೆಳಗಿಳಿದು ಬಾಗಿಲು ತೆರೆದು ಮುದುಕಿಯನ್ನು ಹೊರಗೆ ಕರೆದ. ಅವಳು ತರಕಾರಿಯ ಚೀಲವನ್ನು ಎದೆಗವುಚಿಕೊಂಡಿದ್ದಳು, ನೂರು ವರ್ಷ ಬಾಳಪ್ಪ ಎಂದಳು. ಅವನಿಗೆ ಸಂಜೆಯ ತನಕ ಬಾಳಿದರೆ ಸಾಕಾಗಿತ್ತು. ಪೆಟ್ಟಿಗೆಯ ಮೇಲೆ ಹತ್ತಿ ಬಾಗಿಲ ತಂತಿ ನೋಡಬೇಕಿತ್ತು. ಕೆಳಗಿನ ಕತ್ತಲು ನೋಡಿ ಹಿಂದೆ ಸರಿದ. ಇವತ್ತೇನಾದರೂ ನನಗೆ ಆಯಿತೆಂದರೆ ಆ ಮಗು ಬದುಕಿರುವ ತನಕ ಅದನ್ನು ನುಂಗುತ್ತ ಕೂರುತ್ತದೆ ಎಂಬ ಯೋಚನೆ ಬಂತು. ಐದು ವರ್ಷದವಳನ್ನು ಹೆದರಿಸಿದ ಆ ಬೀನ್ಸ್ ತುಂಡಿಗೆ ಮೂವತ್ತೆಂಟು ವರ್ಷದವನೂ ಹೆದರಿದ್ದ. ತಂತಿಯ ಕೆಲಸ ಸೋಮವಾರಕ್ಕೆ ಎಂದು ಲಿಫ್ಟಿಗೆ ಬೋರ್ಡು ತಗುಲಿಸಿ, ಮನೆಯ ಕಡೆ ನಡೆದ. ಓಡಬೇಕೆನಿಸಿದರೂ ಎಡವಿಬಿದ್ದೇನೆಂದು ಓಡಲಿಲ್ಲ.

ಪಿಟ್ಟೆ ತಟ್ಟೆಯ ಮುಂದೆ ಕೂತಿದ್ದಳು. ಅವನು ಹೋದಾಗಿನಿಂದ ಕದಲಿಲ್ಲವಂತೆ, ನೀರೂ ಕುಡಿದಿಲ್ಲವಂತೆ. ಬೀನ್ಸ್ ತುಂಡು ಇಟ್ಟಲ್ಲೇ ಇತ್ತು, ತುದಿ ಸ್ವಲ್ಪ ಸುಕ್ಕಾಗಿತ್ತು. ಅವನು ಬಾಗಿಲಲ್ಲಿ ಚೀಲ ಇಳಿಸಿ ಎರಡೂ ಕೈ ಅಗಲಿಸಿ ನಿಂತ. ಅವಳು ಎದ್ದು ಬಂದು ಅವನ ಬೆರಳುಗಳನ್ನು ಮುಟ್ಟಿ ನೋಡಿದಳು, ಮೊಣಕಾಲು ಮುಟ್ಟಿದಳು, ಬಗ್ಗಲು ಹೇಳಿ ಕೆನ್ನೆ ಮುಟ್ಟಿದಳು. ಗ್ರೀಸಿನ ವಾಸನೆ ಬಂದಿರಬೇಕು, ಮೂಗು ಸೊಟ್ಟ ಮಾಡಿದಳು. ಆಮೇಲೆ ತಿರುಗಿ ತಟ್ಟೆಯನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಅವನಿಗೆ ಗೆದ್ದೆ ಎನಿಸಿತು.

"ಹಂಗಾದ್ರೆ ಅಮ್ಮ ಯಾಕೆ ಸತ್ತೋದ್ಲು?" ಎಂದು ಕೇಳಿದಳು.

ಕಾಯಿಲೆಯ ಹೆಸರು ಅವನ ನಾಲಿಗೆಯ ತುದಿಯಲ್ಲಿತ್ತು. ಡಾಕ್ಟರು ಚೀಟಿಯಲ್ಲಿ ಬರೆದುಕೊಟ್ಟಿದ್ದ ಆ ಉದ್ದದ ಹೆಸರು ಅವನಿಗೇ ಈ ಮೂರು ತಿಂಗಳಲ್ಲಿ ಏನನ್ನೂ ತಿಳಿಸಿರಲಿಲ್ಲ. "ನಂಗೂ ಗೊತ್ತಿಲ್ಲ ಕಂದ," ಎಂದ.

ಆಗ ಅವಳ ಬಾಯಿ ತೆರೆದುಕೊಂಡಿತು. ಮೊದಲು ಸದ್ದೇ ಬರಲಿಲ್ಲ. ಆಮೇಲೆ ಬಂತು. ತಾಯಿಯನ್ನು ಸಾಗಿಸುವ ದಿನವೂ ಅಳದೆ, ಎಷ್ಟು ಜಾಣೆ ನೋಡಿ ಎಂದು ಎಲ್ಲರಿಂದ ಹೇಳಿಸಿಕೊಂಡಿದ್ದ ಹುಡುಗಿ ನೆಲಕ್ಕೆ ಬಿದ್ದು, ಅಮ್ಮ ಬೇಕು, ಅಮ್ಮ ಬೇಕು ಎಂದು ಕಾಲು ಬಡಿದು ಅತ್ತಳು. ತಾನು ತಿಂದಿದ್ದರೆ ಉಳಿಯುತ್ತಿದ್ದಳು ಎಂಬ ಅಮ್ಮ ಅವಳಿಗೆ ಇಷ್ಟು ದಿನ ಹೇಗೋ ಹತ್ತಿರದಲ್ಲೇ ಇದ್ದಳು. ಈಗ ಅವಳೂ ಹೋದಳು. ಅಕ್ಕ ಎತ್ತಿಕೊಳ್ಳಲು ಬಂದಾಗ ಅವನು ಬೇಡವೆಂದು ಸನ್ನೆ ಮಾಡಿ, ತಾನೂ ನೆಲದ ಮೇಲೆ ಅವಳ ಪಕ್ಕದಲ್ಲಿ ಕೂತ. ಅವಳು ಅತ್ತು ಮುಗಿಸುವ ತನಕ ಕೂತೇ ಇದ್ದ.

ಮರುದಿನ ಮಧ್ಯಾಹ್ನ ಅತ್ತೆ ಬೀನ್ಸ್ ಹಾಕಿಯೇ ಅಡಿಗೆ ಮಾಡಿದ್ದಳು, ಮನೆಯಲ್ಲಿ ಬೇರೆ ತರಕಾರಿ ಇರಲಿಲ್ಲ. ಒಗೆದ ಬಿಳಿ ಕೋಟು ಬಾಲ್ಕನಿಯ ತಂತಿಯ ಮೇಲೆ ಒಣಗುತ್ತಿತ್ತು, ಜೇಬುಗಳ ಒಳಮಗ್ಗುಲು ಹೊರಗಾಗಿತ್ತು. ಕಣ್ಣು ಇನ್ನೂ ಊದಿಕೊಂಡಿದ್ದ ಪಿಟ್ಟೆ ಊಟಕ್ಕೆ ಕೂತಳು. ಯಾರ ಹೆಸರನ್ನೂ ಹೇಳಲಿಲ್ಲ. ಅನ್ನದೊಳಗಿಂದ ಬೀನ್ಸ್ ತುಂಡುಗಳನ್ನು ಒಂದೊಂದಾಗಿ ಆರಿಸಿ ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸಿಟ್ಟು, ಬಾಯಿ ಬಿಗಿದುಕೊಂಡು, ಬೈಸಿಕೊಳ್ಳಲು ತಯಾರಾದವಳಂತೆ ತಲೆಯೆತ್ತಿದಳು. ಎದುರಿಗಿದ್ದದ್ದು ಅಪ್ಪ. ಅವನು ಕೈ ಚಾಚಿ, ಸಾಲಿನ ಮೊದಲನೆಯದನ್ನು ಎತ್ತಿ ಬಾಯಿಗೆ ಹಾಕಿಕೊಂಡು ಮೆಲ್ಲಗೆ ಅಗಿದ. ಆಮೇಲೆ ಎರಡನೆಯದನ್ನು ಎತ್ತಿಕೊಂಡ.